ಮಳೆಗಾಲಕ್ಕೆ ಬಟ್ಟೆ ಡ್ರೈಯರ್: ಕರೆಂಟು ಕಮ್ಮಿ ಎಳೆಯೋದು ಯಾವುದು, ನಮ್ಮ ಮನೆಗೆ ಹೊಂದೋದು ಯಾವುದು?

ಕುಶಾವತಿ (ತೀರ್ಥಹಳ್ಳಿ ಹತ್ತಿರ), ಮೇ ಎರಡನೇ ವಾರ

ಎಲ್ಲರಿಗೂ ನಮಸ್ಕಾರ. ಮಗಳು ಬಾಣಂತನಕ್ಕೆ ಬರ್ತಿದ್ದಾಳೆ. ಜೂನ್ ಮೂರನೇ ವಾರ ಅಂತ ಹೇಳಿದ್ದಾರೆ. ಅಂದ್ರೆ ಆರಿದ್ರಾ ಹಿಡಿಯೋ ಹೊತ್ತಿಗೆ ಕೂಸು ಮನೇಲಿರುತ್ತೆ. ಅದರ ಹಿಂದೆಯೇ ಪುನರ್ವಸು, ಪುಷ್ಯ. ನಮ್ಮ ಕಡೆ ಆ ಒಂದೂವರೆ ತಿಂಗಳು ಬಿಸಿಲು ಅನ್ನೋದನ್ನ ಮರೆತೇ ಬಿಡಬೇಕು.

ನನ್ನ ಬಾಣಂತನದಲ್ಲಿ ಅಮ್ಮ ಬಚ್ಚಲ ಒಲೆಯ ಮೇಲೆ ನ್ಯಾಲೆ ಕಟ್ಟಿದ್ದರು. ಅದು ಸಾಲದೆ ಬಾಣಲೆಯಲ್ಲಿ ಕೆಂಡ ಹಾಕಿ, ಬಿದಿರು ಬುಟ್ಟಿ ಕವುಚಿ, ಅದರ ಮೇಲೆ ಕೂಸಿನ ಬಟ್ಟೆ ಹರವುತ್ತಿದ್ದರು. ರಾತ್ರಿ ಎರಡೆರಡು ಸಲ ಎದ್ದು ಮಗುಚಿ ಹಾಕಿದ್ದನ್ನ ನಾನೇ ನೋಡಿದೀನಿ. ಈಗ ನನಗೆ ಮಂಡಿ ನೋವು, ಮನೇಲಿ ಬೇರೆ ಹೆಂಗಸರಿಲ್ಲ. ಹೊಗೆ ವಾಸನೆ ಹಿಡಿದ ಬಟ್ಟೆ ಕೂಸಿಗೆ ಬೇಡ ಅನ್ನೋದು ಮಗಳ ಮಾತು. ಸರಿಯೇ ಅನ್ನಿಸುತ್ತೆ.

ಶಿವಮೊಗ್ಗದ ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು 28 ಸಾವಿರದ್ದು, ಹಿಂದುಗಡೆ ಪೈಪಿನಲ್ಲಿ ಬಿಸಿಗಾಳಿ ಹೊರಗೆ ಬಿಡುವಂಥದ್ದು. ಇನ್ನೊಂದು 60 ಸಾವಿರ, ಹೀಟ್ ಪಂಪ್ ಅಂತೆ, ಅರ್ಧಕ್ಕಿಂತ ಕಮ್ಮಿ ಕರೆಂಟು ಅಂತ ಹೇಳಿದರು. ನಮ್ಮದು ಹಂಚಿನ ಮನೆ, 35 ವರ್ಷದ ವೈರಿಂಗ್. ಮಳೆಗಾಲದಲ್ಲಿ ತಿಂಗಳಿಗೆ 138 ಯೂನಿಟ್ ಆಸುಪಾಸು ಬರುತ್ತೆ. ಗೃಹಜ್ಯೋತಿ ಇದೆ, ನಮಗೆ ಲೆಕ್ಕ ಹಾಕಿ ಕೊಟ್ಟಿರೋದು 137 ಯೂನಿಟ್. ಬಟ್ಟೆ ಒಗೆಯೋಕೆ ಮೇಲಿಂದ ಬಟ್ಟೆ ಹಾಕುವ ಫುಲ್ ಆಟೋಮ್ಯಾಟಿಕ್ ಮಷೀನು.

ದುಬಾರಿಯದ್ದು ತಗೊಂಡ್ರೆ ಆ ದುಡ್ಡು ಕರೆಂಟಿನಲ್ಲಿ ವಾಪಸ್ ಬರುತ್ತಾ? ಬಳಸಿದವರು ಹೇಳಿ.

ವಿನೋಬನಗರದವಳು (ಶಿವಮೊಗ್ಗ)

ಅಕ್ಕ, ನಮ್ಮನೇಲಿ ಹೀಟ್ ಪಂಪ್ ಡ್ರೈಯರ್ ಬಂದು ಎರಡು ವರ್ಷ ಆಯ್ತು. 8 ಕೆ.ಜಿ.ಯದ್ದು. ಬಾಡಿಗೆ ಮನೆ, ಮೂರನೇ ಮಹಡಿ, ಗೋಡೆ ಕೊರೆಯೋಕೆ ಮನೆ ಮಾಲೀಕರು ಒಪ್ಪಲಿಲ್ಲ. ಪೈಪ್ ಬೇಡದ ಮಷೀನೇ ಬೇಕಿತ್ತು. ನಾವಿಬ್ಬರೂ ಕೆಲಸಕ್ಕೆ ಹೋಗೋರು, ಬೇಸಿಗೆಯಲ್ಲೂ ಬಟ್ಟೆ ಹರವಿ ತೆಗೆಯೋಕೆ ಮನೇಲಿ ಯಾರೂ ಇರಲ್ಲ. ಹಾಗಾಗಿ ವರ್ಷವಿಡೀ ಓಡುತ್ತೆ.

ನಿಧಾನ ಅನ್ನೋದು ನಿಜ. ಟವೆಲ್, ಜೀನ್ಸ್ ಇದ್ದರೆ ಎರಡೂಕಾಲು ಗಂಟೆ ತಗೊಂಡಿದ್ದೂ ಇದೆ. ಆದರೆ ಬಟ್ಟೆ ಕೈಗೆ ಸುಡಲ್ಲ, ಮುರುಟಲ್ಲ. ಒಳಗೆ 50 ಡಿಗ್ರಿ ಚಿಲ್ಲರೆಯಲ್ಲೇ ಒಣಗಿಸುತ್ತೆ ಅದು. ನೀರು ಒಂದು ಡಬ್ಬದಲ್ಲಿ ಸೇರುತ್ತೆ, ಪ್ರತಿ ಸಲ ಚೆಲ್ಲಬೇಕು.

ಒಂದು ವಿಷಯ ಅಂಗಡಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಬಾಗಿಲಿನ ಫಿಲ್ಟರ್ ಪ್ರತಿ ಸಲ ತೆಗೆದು ಜುಂಗು ಒರೆಸಲೇಬೇಕು, ಕೆಳಗಡೆ ಇರುವ ರೇಡಿಯೇಟರ್ ಥರದ ಜಾಗವನ್ನೂ ಆಗಾಗ ನೋಡ್ತಿರಬೇಕು. ಮೊದಲ ವರ್ಷ ನಾನು ಅದನ್ನ ಮುಟ್ಟಲೇ ಇಲ್ಲ. ಎರಡು ಗಂಟೆಯ ಕೆಲಸಕ್ಕೆ ಮೂರೂವರೆ ಗಂಟೆ ಹಿಡಿಯೋಕೆ ಶುರುವಾಯ್ತು. ಶುಚಿ ಮಾಡಿದ ಮೇಲೆ ಸರಿಹೋಯ್ತು. ಜುಂಗು ತುಂಬಿದ ಹೀಟ್ ಪಂಪಿನಿಂದ ಕರೆಂಟು ಉಳಿತಾಯ ನಿರೀಕ್ಷಿಸಬೇಡಿ.

ಅಡಿಕೆಮನೆ (ಹೊಸನಗರ)

ನಮ್ಮಲ್ಲಿ ಡ್ರೈಯರ್ ಇಲ್ಲ. ಅಡಿಕೆ ಒಣಗಿಸೋಕೆ ಪ್ಲಾಸ್ಟಿಕ್ ಶೀಟ್ ಹೊದಿಸಿ ಮಾಡಿದ ಮನೆ ಜೂನ್ ಜುಲೈಯಲ್ಲಿ ಖಾಲಿ ಬಿದ್ದಿರುತ್ತೆ. ಅದರಲ್ಲೇ ತಂತಿ ಕಟ್ಟಿ, ಒಂದು ಟೇಬಲ್ ಫ್ಯಾನ್ ಇಟ್ಟು ಬಟ್ಟೆ ಹರವುತ್ತೇವೆ. ಮಳೆ ಸ್ವಲ್ಪ ಹೊಳವಾದ ದಿನ ಸಂಜೆಗೆ ಒಣಗುತ್ತೆ. ದಿನವಿಡೀ ಹೊಯ್ದರೆ ಎರಡು ದಿನ. ಕೂಸಿನ ಬಟ್ಟೆಗೆ ಅದು ಸಾಲದು ಅಂತ ಗೊತ್ತು, ಆದರೆ ದೊಡ್ಡವರ ಬಟ್ಟೆ ಅಲ್ಲಿ ಹಾಕಿದರೆ ಮಷೀನಿಗೆ ಅರ್ಧ ಕೆಲಸ ಉಳಿಯುತ್ತೆ. ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹತ್ತಿದ ತಟ್ಟಿ, ಚಾಪೆ ಎಲ್ಲ ಮೊದಲು ಹೊರಗೆ ಹಾಕಿ. ಚೊಗರಿನ ಕಲೆ ಬಟ್ಟೆಗೆ ಹತ್ತಿದರೆ ಜನ್ಮದಲ್ಲಿ ಹೋಗಲ್ಲ.

ಲೆಕ್ಕದ ಮೇಷ್ಟ್ರು (ಸಾಗರ)

ಕುಶಾವತಿಯವರೇ, ನಾನು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ನಿಮ್ಮ ಪ್ರಶ್ನೆ ಮೂಲದಲ್ಲಿ ನೀರಿನ ಪ್ರಶ್ನೆ, ಮಷೀನಿನದ್ದು ಆಮೇಲೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಲೀಟರ್ ನೀರನ್ನು ಆವಿ ಮಾಡಲು ಮುಕ್ಕಾಲು ಯೂನಿಟ್‌ಗೆ ಸ್ವಲ್ಪ ಕಮ್ಮಿ, ಸರಿಯಾಗಿ ಹೇಳಬೇಕೆಂದರೆ 0.67 ಯೂನಿಟ್‌ನಷ್ಟು ಶಾಖ ಬೇಕು. ಇದು ಪ್ರಕೃತಿಯ ದರ, ಯಾವ ಕಂಪನಿಯೂ ರಿಯಾಯಿತಿ ಕೊಡಿಸಲಾರದು. ನೀವು ನೋಡಿದ ಪೈಪಿನದ್ದರಂತೆ ಬಿಸಿಯಾಗುವ ಕಾಯಿಲ್ ಇರುವ ಡ್ರೈಯರ್‌ನಲ್ಲಿ ಬಟ್ಟೆ, ಡ್ರಮ್ಮು ಬಿಸಿಯಾಗುವುದು, ಹೊರಗೆ ಹೋಗುವ ಬಿಸಿಗಾಳಿ ಎಲ್ಲ ಸೇರಿ ಲೀಟರಿಗೆ ಒಂದು ಯೂನಿಟ್‌ನ ಹತ್ತಿರ ಖರ್ಚಾಗುತ್ತದೆ.

ಹೀಟ್ ಪಂಪ್ ಪ್ರಕೃತಿಯ ದರವನ್ನು ತಪ್ಪಿಸುವುದಿಲ್ಲ, ಅದೇ ಶಾಖವನ್ನು ಮತ್ತೆ ಮತ್ತೆ ಬಳಸುತ್ತದೆ. ನಿಮ್ಮ ಫ್ರಿಜ್ಜಿನ ಹಿಂಭಾಗ ಬಿಸಿ ಇರುತ್ತದಲ್ಲ, ಒಳಭಾಗ ತಣ್ಣಗೆ. ಡ್ರೈಯರ್‌ನಲ್ಲಿ ಅವೆರಡೂ ಒಂದೇ ಗಾಳಿಯ ದಾರಿಯಲ್ಲಿವೆ. ಬಟ್ಟೆಯಿಂದ ಬಂದ ತೇವದ ಗಾಳಿ ತಣ್ಣನೆಯ ಭಾಗಕ್ಕೆ ತಾಗಿ ನೀರು ಬಿಟ್ಟುಕೊಡುತ್ತದೆ. ಆವಿ ನೀರಾಗುವಾಗ ಬಿಟ್ಟುಕೊಟ್ಟ ಶಾಖವನ್ನು ಕಂಪ್ರೆಸರ್ ಎತ್ತಿ ಬಿಸಿ ಭಾಗಕ್ಕೆ ಕೊಡುತ್ತದೆ, ಒಣಗಿದ ಗಾಳಿ ಅಲ್ಲಿ ಮತ್ತೆ ಕಾದು ಬಟ್ಟೆಯ ಕಡೆ ಹೋಗುತ್ತದೆ. ಹಾಗಾಗಿ ಲೀಟರಿಗೆ 0.4 ಯೂನಿಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಅಂಗಡಿಯವರು ನಿಮಗೆ ಹೇಳಿದ್ದು ನಿಜ.

ಇನ್ನೊಂದು ಬಗೆಯೂ ಇದೆ, ಬರೀ ಕಂಡೆನ್ಸರ್ ಅಂತ. ಅದೂ ಪೈಪ್ ಬೇಡ ಅನ್ನುತ್ತದೆ, ನೀರು ಡಬ್ಬಕ್ಕೆ ಬೀಳುತ್ತದೆ, ನೋಡಲು ಹೀಟ್ ಪಂಪಿನಂತೆಯೇ ಇರುತ್ತದೆ. ಆದರೆ ಒಳಗಿರುವುದು ಕಾಯಿಲ್ಲೇ. ಉಳಿದ ಶಾಖವೆಲ್ಲ ಕೋಣೆಗೆ ಬರುತ್ತದೆ. ಕರೆಂಟಿನ ಖರ್ಚು ಪೈಪಿನದ್ದರಷ್ಟೇ. ಪೈಪಿಲ್ಲ ಎಂದ ಮಾತ್ರಕ್ಕೆ ಹೀಟ್ ಪಂಪ್ ಅಂದುಕೊಳ್ಳಬೇಡಿ, ಬಾಗಿಲ ಒಳಗಿನ ಪಟ್ಟಿಯಲ್ಲಿ ವ್ಯಾಟ್ ನೋಡಿ. 2000ಕ್ಕಿಂತ ಹೆಚ್ಚಿದ್ದರೆ ಕಾಯಿಲ್, 1000ದೊಳಗಿದ್ದರೆ ಸಾಮಾನ್ಯವಾಗಿ ಹೀಟ್ ಪಂಪ್.

ಈಗ ಮುಖ್ಯ ಮಾತು. ಒಗೆದ ಬಟ್ಟೆಯಲ್ಲಿ ಎಷ್ಟು ನೀರು ಉಳಿಸಿ ಡ್ರೈಯರ್‌ಗೆ ಹಾಕುತ್ತೀರಿ ಎಂಬುದರ ಮೇಲೆ ಇದೆಲ್ಲ ನಿಂತಿದೆ. ಒಣ ತೂಕ 5 ಕೆ.ಜಿ. ಇರುವ ಹತ್ತಿ ಬಟ್ಟೆಯನ್ನು ದೊಡ್ಡ ಡ್ರಮ್ಮಿನಲ್ಲಿ ನಿಮಿಷಕ್ಕೆ 800 ಸುತ್ತಿನಲ್ಲಿ ಹಿಂಡಿದರೆ ಸುಮಾರು ಮೂರೂವರೆ ಲೀಟರ್ ಉಳಿಯುತ್ತದೆ. 1400 ಸುತ್ತಿನಲ್ಲಿ ಹಿಂಡಿದರೆ ಎರಡೂವರೆ. ಆ ಒಂದು ಲೀಟರನ್ನು ಮೋಟಾರು ಕೆಲವೇ ನಿಮಿಷದಲ್ಲಿ ಪುಕ್ಕಟೆ ಎನ್ನುವಷ್ಟು ಖರ್ಚಿನಲ್ಲಿ ಹೊರಗೆ ಹಾಕುತ್ತದೆ. ಅದೇ ಲೀಟರನ್ನು ಕಾಯಿಲ್ ಕಾಯಿಸಿ ಕಳಿಸಲು ಒಂದು ಯೂನಿಟ್ ಬೇಕು. ನಿಮ್ಮ ಒಗೆಯುವ ಮಷೀನು ಎಷ್ಟು ಸುತ್ತಿನದ್ದು, ನೋಡಿ ಹೇಳುತ್ತೀರಾ?

ಕುಶಾವತಿ

ಮೇಷ್ಟ್ರೇ, ಹಿಂದೆ ಬರೆದಿದ್ದಾರೆ, 700. ನಾನು ಇಷ್ಟು ದಿನ ಡ್ರೈಯರ್ ಒಂದನ್ನೇ ನೋಡ್ತಿದ್ದೆ. ಹಾಗಾದ್ರೆ ಒಗೆಯೋ ಮಷೀನನ್ನೂ ಬದಲಾಯಿಸಬೇಕಾ? ಅಷ್ಟು ದುಡ್ಡು ಈಗ ಆಗಲ್ಲ. ಮೊದಲಿದ್ದ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಕೊಟ್ಟಿಗೆ ಪಕ್ಕದ ಕೋಣೇಲಿದೆ. ಒಗೆಯೋ ತೊಟ್ಟಿ ಕೆಟ್ಟಿದೆ, ಹಿಂಡೋ ತೊಟ್ಟಿ ತಿರುಗುತ್ತೆ.

ಲೆಕ್ಕದ ಮೇಷ್ಟ್ರು

ಅದನ್ನು ದಯವಿಟ್ಟು ಗುಜರಿಗೆ ಹಾಕಬೇಡಿ! ಸೆಮಿ ಆಟೋಮ್ಯಾಟಿಕ್‌ನ ಹಿಂಡುವ ತೊಟ್ಟಿ ಸಾಮಾನ್ಯವಾಗಿ 1300ರಿಂದ 1400 ಸುತ್ತು ತಿರುಗುತ್ತದೆ. ತೊಟ್ಟಿ ಸಣ್ಣದಾದ್ದರಿಂದ ದೊಡ್ಡ ಡ್ರಮ್ಮಿನ 1400ಕ್ಕೆ ಸಮ ಆಗುವುದಿಲ್ಲ, ಆದರೆ ನಿಮ್ಮ 700 ಸುತ್ತಿನದ್ದಕ್ಕಿಂತ ಖಂಡಿತ ಚೆನ್ನಾಗಿ ಹಿಂಡುತ್ತದೆ. ಒಗೆದದ್ದನ್ನು ಅದರಲ್ಲಿ ಐದೈದು ನಿಮಿಷ ಹಾಕಿ ತೆಗೆಯಿರಿ. ಹೋಗುವ ನೀರನ್ನು ಒಂದು ಬಕೆಟ್ಟಿಗೆ ಹಿಡಿದು ಅಳೆದು ನೋಡಿ, ನಿಮಗೇ ಗೊತ್ತಾಗುತ್ತದೆ.

ಕರೆಂಟು ಕೆಲಸದವನು (ಕೊಪ್ಪ)

20 ವರ್ಷದಿಂದ ಮನೆ ವೈರಿಂಗ್ ಮಾಡ್ತಿದೀನಿ. ಅಕ್ಕ, ಯಾವ ಡ್ರೈಯರ್ ತಗೊಂಡ್ರೂ ಮೊದಲು ಇದನ್ನ ಓದಿ.

35 ವರ್ಷದ ವೈರಿಂಗ್ ಅಂದ್ರಿ. ಆಗಿನ ಕಾಲಕ್ಕೆ ಮನೆಗೆ ನಾಲ್ಕು ಬಲ್ಬು, ಒಂದು ರೇಡಿಯೋ, ಹೆಚ್ಚಂದ್ರೆ ಮಿಕ್ಸಿ ಅಂತ ತಂತಿ ಎಳೆದಿರ್ತಾರೆ. ಮರದ ಪಟ್ಟಿಯ ಮೇಲೆ ಹೋಗಿರೋ ಆ ತಂತಿಗೆ 2200 ವ್ಯಾಟಿನ ಕಾಯಿಲ್ ಗಂಟೆಗಟ್ಟಲೆ ಹಾಕೋದು ಬೆಂಕಿಯ ಜೊತೆ ಆಟ. ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ತಾಮ್ರದ ತಂತಿ, ಅದಕ್ಕೇ ಒಂದು ಎಂಸಿಬಿ (ಹೊರೆ ಹೆಚ್ಚಾದ್ರೆ ತಾನೇ ಬೀಳೋ ಸ್ವಿಚ್ಚು), ಜೊತೆಗೆ ಕರೆಂಟು ಸೋರಿದ್ರೆ ಲೈನ್ ಕಡಿಯೋ ಆರ್‌ಸಿಸಿಬಿ, 16 ಆಂಪ್ಸಿನ ಪ್ಲಗ್ ಪಾಯಿಂಟು. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಹಾಕಲೇಬೇಡಿ. ಅರ್ಥಿಂಗ್ ಗುಂಡಿ ಪರೀಕ್ಷೆ ಮಾಡಿಸಿ. ಹಸಿ ನೆಲ, ಒದ್ದೆ ಕೈ, ಬಾಣಂತಿ ಮನೆ, ಇದರಲ್ಲಿ ರಾಜಿ ಬೇಡ.

ಆಮೇಲೆ ವೋಲ್ಟೇಜು. ನಮ್ಮ ಕಡೆ ಲೈನ್ ತುದಿಯ ಮನೆಗಳಿಗೆ ಸಂಜೆ 180 ಬರೋದು ಹೊಸತಲ್ಲ. ಕಾಯಿಲ್ ಡ್ರೈಯರ್‌ಗೆ 230ರ ಬದಲು 180 ಸಿಕ್ಕಿದರೆ ಬಿಸಿ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತೆ. ಕೆಟ್ಟು ಹೋಗಲ್ಲ, ನಿಧಾನ ಆಗುತ್ತೆ ಅಷ್ಟೆ. ಹೀಟ್ ಪಂಪಿನ ಕಥೆ ಬೇರೆ. ಒಳಗಿರೋದು ಕಂಪ್ರೆಸರ್ ಮತ್ತೆ ಎಲೆಕ್ಟ್ರಾನಿಕ್ ಬೋರ್ಡು. ವೋಲ್ಟೇಜ್ ಬಿದ್ದರೆ ಕಂಪ್ರೆಸರ್ ಎಳೆದಾಡುತ್ತೆ, ಒಂದೋ ನಿಲ್ಲುತ್ತೆ, ಇಲ್ಲ ಬಿಸಿ ಏರುತ್ತೆ. ಅದಕ್ಕೆ ಸ್ಟೆಬಿಲೈಜರ್ ಹಾಕಿ. ಕರೆಂಟು ಹೋಗಿ ಬಂದ ತಕ್ಷಣ ಒತ್ತಬೇಡಿ, ಐದು ನಿಮಿಷ ಬಿಡಿ.

ಗುಡುಗು ಶುರುವಾದ್ರೆ ಎರಡೂ ಬಗೆಯದ್ದರ ಪ್ಲಗ್ ಕಿತ್ತಿಡಿ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಸುಟ್ಟ ಬೋರ್ಡುಗಳನ್ನ ಎಷ್ಟೋ ಬಿಚ್ಚಿದೀನಿ.

ಮನೆಯ ಇನ್ವರ್ಟರ್‌ನಲ್ಲಿ ಓಡಿಸೋ ಯೋಚನೆ ಬೇಡ. 150 ಎಎಚ್ ಬ್ಯಾಟರಿ ಪೂರ್ತಿ ತುಂಬಿದ್ದರೂ ಕಾಗದದ ಲೆಕ್ಕದಲ್ಲಿ 1.8 ಯೂನಿಟ್, ಕೈಗೆ ಸಿಗೋದು ಅದಕ್ಕಿಂತ ಕಮ್ಮಿ.

ಲೋಡ್ ವಿಷಯ: ಮೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಕಿಲೋವ್ಯಾಟ್ ಎಷ್ಟು ಅಂತ ಇರುತ್ತೆ, ನೋಡಿ. ಕಾಯಿಲ್ ಡ್ರೈಯರಿಗಾಗಿ ಅದನ್ನ ಹೆಚ್ಚಿಸಬೇಕಾಗಿ ಬಂದರೆ ಸ್ಥಿರ ಶುಲ್ಕದ ಲೆಕ್ಕವೂ ಹೆಚ್ಚುತ್ತೆ, ಡ್ರೈಯರ್ ಮುಟ್ಟದ ತಿಂಗಳಲ್ಲೂ.

ಜರ್ಮನಿಯಲ್ಲಿ ಕಳಸದವ

ಇಲ್ಲಿನ ವಿಷಯ ಹೇಳ್ತೀನಿ. ಯುರೋಪ್ ಒಕ್ಕೂಟದಲ್ಲಿ 2025ರ ಜುಲೈ 1ರಿಂದ ಹೊಸ ನಿಯಮ ಬಂದಿದೆ. ಮಾರುಕಟ್ಟೆಗೆ ಹೊಸದಾಗಿ ಬಿಡುವ ಡ್ರೈಯರ್‌ಗಳು ಇರಬೇಕಾದ ದಕ್ಷತೆಯನ್ನ ಮುಟ್ಟೋಕೆ ಹೀಟ್ ಪಂಪ್‌ಗೆ ಮಾತ್ರ ಸಾಧ್ಯ. ಹಳೆಯ ಎ ಪ್ಲಸ್ ಪ್ಲಸ್ ಪ್ಲಸ್ ಪಟ್ಟಿ ಹೋಗಿ ಎ ಯಿಂದ ಜಿ ವರೆಗಿನ ಹೊಸ ಪಟ್ಟಿ ಬಂತು. ಸ್ವಿಟ್ಜರ್ಲೆಂಡಿನಲ್ಲಿ 2012ರಿಂದಲೇ ಹೊಸದಾಗಿ ಬಿಡೋದು ಹೀಟ್ ಪಂಪ್ ಮಾತ್ರ. ಭಾರತದ ಅಂಗಡಿಯಲ್ಲಿ ಇನ್ನೂ ಹಳೆ ಪಟ್ಟಿಯ ಸ್ಟಿಕ್ಕರ್ ಇರುವ ವಿದೇಶಿ ಮಾದರಿ ಸಿಕ್ಕಿದರೆ, ಅದರ ಮೇಲಿನ ವಾರ್ಷಿಕ ಯೂನಿಟ್ ಲೆಕ್ಕ 160 ಸಲ ಓಡಿಸಿದ್ದಕ್ಕೆ ಅಂತ ನೆನಪಿಟ್ಟುಕೊಳ್ಳಿ. ಅದನ್ನ 160ರಿಂದ ಭಾಗಿಸಿ, ನೀವು ಓಡಿಸೋದು ಎಷ್ಟು ಸಲವೋ ಅದರಿಂದ ಗುಣಿಸಿ.

ಆದರೆ ಒಂದು ಮಾತು. ಇಲ್ಲಿ ಚಳಿಗಾಲ ಉದ್ದ, ಅಪಾರ್ಟ್‌ಮೆಂಟು, ವರ್ಷಪೂರ್ತಿ ಡ್ರೈಯರ್, ಯೂನಿಟ್ ದರ ಊರಿಗಿಂತ ಹಲವು ಪಟ್ಟು. ಇಲ್ಲಿಗೆ ಸರಿ ಹೊಂದಿದ್ದು ಅಮ್ಮನ ಮನೆಗೂ ಹಾಗೇ ಹೊಂದುತ್ತೆ ಅಂತ ನಾನು ಹೇಳಲಾರೆ. ಕಳಸದಲ್ಲಿ ಮಾರ್ಗಶಿರದ ಬಿಸಿಲಲ್ಲಿ ಒಣಗಿದ ಬಟ್ಟೆಯ ವಾಸನೆ ಇಲ್ಲಿ ಯಾವ ಮಷೀನೂ ಕೊಟ್ಟಿಲ್ಲ ನನಗೆ.

ಲೆಕ್ಕದ ಮೇಷ್ಟ್ರು

ಕಳಸದವರು ಹೇಳಿದ್ದು ಸರಿಯಾದ ಜಾಗಕ್ಕೆ ಬಂತು. ಈಗ ದುಡ್ಡಿನ ಲೆಕ್ಕ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿಯುತ್ತೇನೆ, ಎಣಿಕೆ ಸುಲಭ.

ಮಳೆಗಾಲದ ನಾಲ್ಕು ತಿಂಗಳು, ತಿಂಗಳಿಗೆ 20 ಸಲ, ಒಟ್ಟು 80 ಸಲ, ಪ್ರತಿ ಸಲ 5 ಕೆ.ಜಿ. ಸರಿಯಾಗಿ ಹಿಂಡದೆ ಹಾಕಿದರೆ ಕಾಯಿಲ್ ಡ್ರೈಯರ್ ಒಂದು ಸಲಕ್ಕೆ 3.3 ಯೂನಿಟ್, ಹೀಟ್ ಪಂಪ್ 1.4. ಚೆನ್ನಾಗಿ ಹಿಂಡಿ ಹಾಕಿದರೆ ಕಾಯಿಲ್ 2.4, ಹೀಟ್ ಪಂಪ್ 1. ಹಿಂಡಿ ಹಾಕಿದಾಗ ಎರಡರ ನಡುವಿನ ವ್ಯತ್ಯಾಸ ವರ್ಷಕ್ಕೆ 112 ಯೂನಿಟ್, 672 ರೂಪಾಯಿ. ಬೆಲೆಯ ವ್ಯತ್ಯಾಸ 32 ಸಾವಿರ. ವಾಪಸ್ ಬರಲು 47 ವರ್ಷ ಬೇಕು. ಯಾವ ಮಷೀನೂ ಅಷ್ಟು ಬಾಳುವುದಿಲ್ಲ. ಕೇಳಿದ ಪ್ರಶ್ನೆಗೆ ನೇರ ಉತ್ತರ: ನಾಲ್ಕು ತಿಂಗಳ ಬಳಕೆಗೆ ದುಡ್ಡು ವಾಪಸ್ ಬರುವುದಿಲ್ಲ.

ಆದರೆ ನಿಮ್ಮ ಮನೆಗೆ ಇನ್ನೊಂದು ಗೆರೆ ಇದೆ, ಗೃಹಜ್ಯೋತಿಯ 200. ನಿಮಗೆ ಗೊತ್ತುಮಾಡಿದ ಯೂನಿಟ್ ದಾಟಿ 200ರೊಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ಲು ನಿಮ್ಮ ತಲೆಗೆ.

138ಕ್ಕೆ ಕಾಯಿಲ್ ಡ್ರೈಯರ್‌ನ 66 ಸೇರಿಸಿ, ಅಂದರೆ ಹಿಂಡದೆ 20 ಸಲ: 204. ಗೆರೆ ದಾಟಿತು. 1200 ರೂಪಾಯಿಗೂ ಮೇಲೆ, ಸ್ಥಿರ ಶುಲ್ಕ, ತೆರಿಗೆ ಬೇರೆ. ಅದೇ ಮಷೀನು, ಹಿಂಡಿ ಹಾಕಿದರೆ 48 ಯೂನಿಟ್: 186. ಕಟ್ಟಬೇಕಾದದ್ದು ಹೆಚ್ಚಿನ 49 ಯೂನಿಟ್‌ಗೆ, 300 ರೂಪಾಯಿಯ ಒಳಗೆ. ಹೀಟ್ ಪಂಪಾದರೆ 158, ಸುಮಾರು 126 ರೂಪಾಯಿ.

ಕೊಟ್ಟಿಗೆ ಪಕ್ಕದ ಆ ಹಳೇ ತೊಟ್ಟಿ ನಿಮ್ಮನ್ನು 200ರ ಈಚೆಗೆ ಇಡುತ್ತದೆ.

ಹಿನ್ನೀರ ಹುಡುಗ (ಸಾಗರ)

ಮೇಷ್ಟ್ರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಎಲ್ಲವನ್ನೂ ಎಷ್ಟು ವರ್ಷಕ್ಕೆ ವಾಪಸ್ ಅಂತ ನೋಡಬೇಕಾ? ನಮ್ಮ ಅಜ್ಜನ ಮನೆ, ಗದ್ದೆ, ತೋಟ ಎಲ್ಲ ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಆಣೆಕಟ್ಟಿನ ನೀರಿನಡಿ ಇದೆ. 1964ರಲ್ಲಿ ಆಣೆಕಟ್ಟು ಮುಗಿದಾಗ ಅಪ್ಪ ಇನ್ನೂ ಹುಡುಗ. ಲಾರಿಯಲ್ಲಿ ಹಂಡೆ, ಪಾತ್ರೆ, ದನ ಹೇರಿಕೊಂಡು ಹೊರಟಿದ್ದನ್ನ ಅವರು ಈಗಲೂ ಹೇಳ್ತಾರೆ. ಹೊಸ ಜಾಗದ ಮನೆಗೆ ಕರೆಂಟು ಬರೋಕೆ ಎಷ್ಟೋ ವರ್ಷ ಹಿಡೀತು. ಹಾಗಾಗಿ ನಮ್ಮನೇಲಿ ಒಂದು ಯೂನಿಟ್ ಅಂದ್ರೆ ಬರೀ 6 ರೂಪಾಯಿ ಅಲ್ಲ.

ನಾನು ಹೀಟ್ ಪಂಪನ್ನೇ ತಂದೆ. ದುಡ್ಡು ವಾಪಸ್ ಬರಲ್ಲ ಅಂತ ಗೊತ್ತಿದ್ದೇ ತಂದೆ. ಕೈಲಾಗುವವರು ತರಲಿ ಅನ್ನೋದು ನನ್ನ ಮನಸ್ಸು. ಕೈಲಾಗದವರ ಮೇಲೆ ಹೊರಿಸೋಕೆ ಹೋಗಲ್ಲ.

ಲೆಕ್ಕದ ಮೇಷ್ಟ್ರು

ತಮ್ಮಾ, ನಿನ್ನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನಾನು ಕೊಟ್ಟದ್ದು ರೂಪಾಯಿಯ ಲೆಕ್ಕ ಮಾತ್ರ.

ಮೇಗರವಳ್ಳಿ ಹತ್ತಿರದವಳು

ಆಗುಂಬೆ ಬುಡದಲ್ಲಿ ಕೂತು ಬರೀತಿದೀನಿ. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಊರಿನ ಪಕ್ಕ ಇರೋರಿಗೆ ಬಟ್ಟೆಗಿಂತ ಮನೆಯೇ ಒದ್ದೆ. ಗೋಡೆ, ಪುಸ್ತಕ, ಚಪ್ಪಲಿ, ಬೀರುವಿನೊಳಗಿನ ರೇಷ್ಮೆ ಸೀರೆ, ಎಲ್ಲದಕ್ಕೂ ಬೂಷ್ಟು. ನಾವು ಡ್ರೈಯರ್ ಬಿಟ್ಟು ಡಿಹ್ಯೂಮಿಡಿಫೈಯರ್ ತಂದ್ವಿ, ಗಾಳಿಯ ತೇವ ಎಳೆದು ನೀರು ಮಾಡುವ ಡಬ್ಬ.

ಸಣ್ಣ ಕೋಣೆ, ತಾರಸಿ ಇರುವಂಥದ್ದು, ಕಿಟಕಿ ಪೂರ್ತಿ ಮುಚ್ಚಬೇಕು. ಒಳಗೆ ಹಗ್ಗ ಕಟ್ಟಿ ಬಟ್ಟೆ ಬಿಡಿಬಿಡಿಯಾಗಿ ಹಾಕಿ, ಫ್ಯಾನ್ ಹಾಕಿ, ಇದನ್ನ ಹಚ್ಚಿ ಬಾಗಿಲು ಹಾಕ್ತೀವಿ. ರಾತ್ರಿ ಹಾಕಿದ್ದು ಬೆಳಗ್ಗೆ ಗರಿಗರಿ. ನಮ್ಮದು 350 ವ್ಯಾಟಿಗಿಂತ ಕಮ್ಮಿ ಎಳೆಯುತ್ತೆ, ಹಳೆ ವೈರಿಂಗಿಗೆ ಭಾರ ಆಗಲ್ಲ. ಹಗಲು ಅದೇ ಡಬ್ಬವನ್ನ ಪುಸ್ತಕದ ಕೋಣೆಗೆ ತಳ್ಳಿಕೊಂಡು ಹೋಗ್ತೀವಿ.

ಹಂಚಿನ ಮಾಡಿನ ಕೋಣೇಲಿ ಇದು ಕೆಲಸ ಮಾಡಲ್ಲ. ಹಂಚಿನ ಸಂದಿಯಿಂದ ಮಳೆಗಾಲದ ಗಾಳಿ ಬರ್ತಾನೇ ಇರುತ್ತೆ, ಅದರ ನೀರು ಎಳೆದು ಮುಗಿಯಲ್ಲ. ಅಕ್ಕನ ಮನೇಲಿ ತಾರಸಿಯ ಒಂದು ಕೋಣೆ ಇದ್ದರೆ ಮಾತ್ರ ನೋಡಬಹುದು. ಮತ್ತೆ ಗಂಟೆಗೊಮ್ಮೆ ಬಟ್ಟೆ ಬೇಕು ಅನ್ನೋ ಕೂಸಿನ ಮನೆಗೆ ರಾತ್ರಿಯಿಡೀ ಕಾಯೋ ಕ್ರಮ ಸಾಲುತ್ತಾ ಅನ್ನೋದು ನನ್ನ ಅನುಮಾನ.

ಬಸವಾನಿ ಬದಿಯವ

ಒಗೆದು ಒಣಗಿಸೋದು ಎರಡೂ ಒಂದರಲ್ಲೇ ಆಗೋ ಮಷೀನು ಬರುತ್ತಲ್ಲ, ಅದು ಹೆಂಗೆ?

ವಿನೋಬನಗರದವಳು

ನನ್ನ ತಂಗಿ ಮನೇಲಿದೆ. 8 ಕೆ.ಜಿ. ಒಗೆಯುತ್ತೆ, ಒಣಗಿಸೋದು 5. ಹೆಚ್ಚು ಹಾಕಿದ್ದರೆ ಅರ್ಧ ಹೊರಗೆ ತೆಗೆಯಬೇಕು. ಒಗೆದು ಒಣಗೋವರೆಗೆ ಐದು ಗಂಟೆ, ಅಷ್ಟು ಹೊತ್ತು ಇನ್ನೊಂದು ಒಗೆತ ಹಾಕೋಕಾಗಲ್ಲ. ಅವಳದ್ದರಲ್ಲಿ ಕಾಯಿಲ್ಲೇ ಇರೋದು. ಜಾಗ ಇಲ್ಲದ ಮನೆಗೆ ಸರಿ, ಕರೆಂಟು ಉಳಿಸೋಕೆ ಅಂತ ತಗೊಳ್ಳೋದಲ್ಲ.

ಆಸ್ಪತ್ರೆ ಲಾಂಡ್ರಿ (ಶಿವಮೊಗ್ಗ)

ಲಾಂಡ್ರಿ ವಿಭಾಗದಲ್ಲಿ 11 ವರ್ಷ ದುಡಿದ ಅನುಭವದಿಂದ ಹೇಳ್ತೀನಿ ಅಮ್ಮ, ಇದನ್ನ ಮಾತ್ರ ಮರೀಬೇಡಿ. ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕ್ತೀರಿ. ಆ ಎಣ್ಣೆ ಒರೆಸಿದ ಬಟ್ಟೆ, ಎಣ್ಣೆ ಹಿಡಿದ ಟವೆಲ್, ತಲೆಗೆ ಕಟ್ಟಿದ ಬಟ್ಟೆ, ಇವು ಡ್ರೈಯರ್‌ಗೆ ಹೋಗಬಾರದು. ತಣ್ಣೀರಿನಲ್ಲಿ ಒಗೆದರೆ ಎಣ್ಣೆ ಪೂರ್ತಿ ಹೋಗಲ್ಲ. ಉಳಿದ ಎಣ್ಣೆ ಬಿಸಿಯಲ್ಲಿ ಗಾಳಿ ಜೊತೆ ಸೇರಿ ತಾನೇ ಬಿಸಿಯಾಗ್ತಾ ಹೋಗುತ್ತೆ. ಬಿಸಿ ಬಟ್ಟೆಯನ್ನ ಮುದ್ದೆ ಮಾಡಿ ಬುಟ್ಟೀಲಿಟ್ಟಾಗ ತಾನಾಗಿಯೇ ಹೊತ್ತಿಕೊಳ್ಳೋದೂ ಉಂಟು. ಅಂಥ ಬಟ್ಟೆ ಬೇರೆ ಇಟ್ಟು, ಬಿಸಿನೀರಲ್ಲಿ ಸೋಪು ಹೆಚ್ಚು ಹಾಕಿ ಒಗೆದು, ಹೊರಗೇ ಹರವಿ.

ಕೊನೆಯ ಹತ್ತು ನಿಮಿಷ ಡ್ರೈಯರ್ ಬಿಸಿ ನಿಲ್ಲಿಸಿ ತಣ್ಣನೆ ಗಾಳಿಯಲ್ಲಿ ತಿರುಗುತ್ತೆ. ಅದನ್ನ ಮಧ್ಯ ನಿಲ್ಲಿಸಬೇಡಿ. ನಡುವೆ ಕರೆಂಟು ಹೋದ್ರೆ ಕೂಡಲೇ ಬಟ್ಟೆ ತೆಗೆದು ಬಿಡಿಸಿ ಹರವಿಬಿಡಿ, ಬಿಸಿ ಡ್ರಮ್ಮಿನಲ್ಲಿ ಬಿಡಬೇಡಿ.

ಪೈಪಿನದ್ದು ತಗೊಂಡ್ರೆ ಪೈಪು ಗಿಡ್ಡವಾಗಿ ನೇರವಾಗಿರಲಿ, ಅಲ್ಯೂಮಿನಿಯಂದೇ ಇರಲಿ. ಅಟ್ಟದೊಳಗೆ ಬಿಡೋದು ಬೇಡ, ಅಲ್ಲಿಟ್ಟಿದ್ದೆಲ್ಲ ಬೂಷ್ಟು ಹಿಡಿಯುತ್ತೆ. ಬಾಯಿಗೆ ತಾನಾಗಿ ಮುಚ್ಚಿಕೊಳ್ಳುವ ರೆಕ್ಕೆ ಹಾಕಿಸಿ, ಇಲಿ ಬರದ ಹಾಗೆ. ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಜುಂಗು ಕಟ್ಟಿಕೊಂಡು ಗಾಳಿ ನಿಲ್ಲುತ್ತೆ.

ಕುಶಾವತಿ

ಎಣ್ಣೆ ಬಟ್ಟೆ ವಿಷಯ ಹೇಳಿ ದೊಡ್ಡ ಉಪಕಾರ ಮಾಡಿದ್ರಿ. ಅದು ತಲೆಗೆ ಹೊಳೆದೇ ಇರಲಿಲ್ಲ, ಖಂಡಿತ ಹಾಕ್ತಿದ್ದೆ.

ಒಂದು ಸಂಶಯ ಉಳಿದಿದೆ. ಹೊರಗಿನ ಗಾಳಿಯೇ ಇಷ್ಟು ಒದ್ದೆ ಇರುವಾಗ ಅದೇ ಗಾಳಿ ಎಳೆದು ಬಟ್ಟೆ ಒಣಗಿಸೋದು ಹೇಗೆ?

ಲೆಕ್ಕದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಬಿಸಿಯಾದಷ್ಟೂ ಗಾಳಿ ಹಿಡಿಯಬಲ್ಲ ಆವಿ ಹೆಚ್ಚುತ್ತದೆ. 25 ಡಿಗ್ರಿಯಲ್ಲಿ ತೇವಾಂಶ 90 ಶೇಕಡಾ ಇರುವ ಆಷಾಢದ ಗಾಳಿಯನ್ನೇ 65 ಡಿಗ್ರಿಗೆ ಕಾಯಿಸಿದರೆ ತೇವಾಂಶ ಸುಮಾರು 11 ಶೇಕಡಾಕ್ಕೆ ಇಳಿಯುತ್ತದೆ. ನೀರು ಅಷ್ಟೇ ಇರುತ್ತದೆ, ಗಾಳಿಯ ಹಸಿವು ಹೆಚ್ಚುತ್ತದೆ. ನಿಮ್ಮ ಅಮ್ಮ ಕೆಂಡದ ಮೇಲೆ ಬುಟ್ಟಿ ಕವುಚಿ ಮಾಡಿದ್ದೂ ಇದೇ.

ಕುಶಾವತಿ, ಜುಲೈ ಕೊನೆ

ಬರೆಯೋಕೆ ತಡವಾಯ್ತು. ಮೊಮ್ಮಗಳು ಜೂನ್ 19ಕ್ಕೆ ಬಂದಳು, ತಾಯಿ ಮಗು ಇಬ್ಬರೂ ಆರೋಗ್ಯವಾಗಿದ್ದಾರೆ.

ಪೈಪಿನ 28 ಸಾವಿರದ್ದೇ ತಂದೆ. ಹಿನ್ನೀರ ತಮ್ಮ ಬರೆದದ್ದನ್ನ ಎರಡು ಸಲ ಓದಿದೆ, ಮನಸ್ಸು ಆ ಕಡೆಯೇ ಎಳೀತು. ಆದರೆ ವೈರಿಂಗ್‌ಗೆ ದುಡ್ಡು ಹಾಕಲೇಬೇಕಿತ್ತು, ಎರಡೂ ಆಗುವಷ್ಟು ಇರಲಿಲ್ಲ. ಕೊಪ್ಪದವರು ಹೇಳಿದ ಹಾಗೆ ಬೇರೆ ಲೈನ್, ಎಂಸಿಬಿ, ಆರ್‌ಸಿಸಿಬಿ, ಹೊಸ ಅರ್ಥಿಂಗ್. ಎಲೆಕ್ಟ್ರಿಷಿಯನ್ ಹಳೆ ತಂತಿ ಬಿಚ್ಚಿ ತೋರಿಸಿದಾಗ ಮೇಲಿನ ರಬ್ಬರು ಕೈಲಿ ಪುಡಿಯಾಯ್ತು. ಅದಕ್ಕೆ ಡ್ರೈಯರ್ ಹಾಕಿದ್ದರೆ ಅಂತ ನೆನೆಸಿಕೊಂಡು ಆ ರಾತ್ರಿ ನಿದ್ದೆ ಬರಲಿಲ್ಲ. ಬಚ್ಚಲ ಕಿಟಕಿಯ ಒಂದು ಗಾಜು ತೆಗೆಸಿ ತಗಡು ಹಾಕಿ, ಅದರಲ್ಲಿ ಪೈಪಿನ ಬಾಯಿ ಕೂರಿಸಿದ್ದಾರೆ, ರೆಕ್ಕೆ ಇದೆ.

ಹಳೇ ತೊಟ್ಟಿ ಬಚ್ಚಲಿಗೆ ಬಂತು. ಮೇಷ್ಟ್ರು ಹೇಳಿದಂತೆ ಬಕೆಟ್ ಹಿಡಿದು ನೋಡಿದೆ. 700ರ ಮಷೀನು ಹಿಂಡಿ ಕೊಟ್ಟ ಬಟ್ಟೆಯಿಂದ ಇನ್ನೂ ಮುಕ್ಕಾಲು ಲೀಟರಿಗಿಂತ ಜಾಸ್ತಿ ನೀರು ಬಂತು. ಕೂಸಿನ ಬಟ್ಟೆ, ಹಳೆ ಪಂಚೆ ಹರಿದು ಮಾಡಿದ್ದೆಲ್ಲ, 40 ನಿಮಿಷಕ್ಕೆ ಒಣಗುತ್ತೆ. ದೊಡ್ಡವರ ಬಟ್ಟೆ ಮೊದಲು ಜಗುಲಿಯ ನ್ಯಾಲೆಯಲ್ಲಿ ಒಂದು ದಿನ ಇಟ್ಟು, ಆಮೇಲೆ 20 ನಿಮಿಷ ಒಳಗೆ ಹಾಕ್ತೀನಿ. ಈ ತಿಂಗಳ ಬಿಲ್ಲು 181 ಯೂನಿಟ್. ಹೆಚ್ಚಿನದಕ್ಕೆ ಮಾತ್ರ ದುಡ್ಡು ಕಟ್ಟಿದ್ದು.

ಪುನರ್ವಸುವಿನಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿರಲಿಲ್ಲ. ಆಗ ಅಮ್ಮನ ಬುಟ್ಟಿಯನ್ನೇ ಅಟ್ಟದಿಂದ ಇಳಿಸಿದ್ದು. ಕೆಂಡಕ್ಕೆ ಬೂದಿ ಮುಚ್ಚಿ, ಬಾಣಂತಿ ಕೋಣೆಯಿಂದ ದೂರ, ಗಾಳಿ ಆಡುವ ಜಗುಲಿಯಲ್ಲಿ ಇಟ್ಟೆ. ಮಗಳೇ ಬಂದು ಬಟ್ಟೆ ಮಗುಚಿ ಹಾಕಿದಳು.

ಬಸವಾನಿ ಬದಿಯವ

ಅಕ್ಕ, ಖುಷಿಯ ಸುದ್ದಿ. ವಿನೋಬನಗರದವರೇ, ನಿಮ್ಮ ಡಬ್ಬದಲ್ಲಿ ಸೇರುವ ನೀರನ್ನ ಇನ್ವರ್ಟರ್ ಬ್ಯಾಟರಿಗೆ ಹಾಕಬಹುದಾ? ಆವಿಯಿಂದ ಬಂದ ನೀರಲ್ವಾ?

ವಿನೋಬನಗರದವಳು

ಬೇಡ. ಆವಿಯಿಂದ ಬಂದರೂ ಜುಂಗು, ಸೋಪಿನ ಅಂಶ ಸೇರಿರುತ್ತೆ, ಬ್ಯಾಟರಿ ಹಾಳಾಗುತ್ತೆ. ಅಂಗಡಿಯ ಡಿಸ್ಟಿಲ್ಡ್ ನೀರೇ ಹಾಕಿ. ನಾನು ಇದನ್ನ ನೆಲ ಒರೆಸೋಕೆ ಬಳಸ್ತೀನಿ.